ಅಣ್ಣ ಎಳೆದ ಗೆರೆ

ಮಾರ್ಚ್ ೧೪, ಗುರುವಾರ
ಅಂಗಡಿಯಿಂದ

ಪ್ರೀತಿಯ ಅತ್ತಿಗೆಗೆ,

ನೀವೇ ಹೆಸರಿಟ್ಟ ನಿಮ್ಮ ಬಿರುಗಾಳಿಯ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀವೂ ನಮ್ಮ ಗುಂಡಿಯೂ ಚೆನ್ನಾಗಿದ್ದೀರೆಂದು ನಿಮ್ಮ ಕಾಗದದಿಂದ ತಿಳಿಯಿತು. ಕಾಗದ ಅಂದೆನಲ್ಲ, ಕಾಗದಗಳು ಅನ್ನಬೇಕಿತ್ತು. ಮೂರೂ ಅಳತೆ ಪುಸ್ತಕದ ಕೆಳಗಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈಯಿರಿ. ನೀವು ಅಣ್ಣನನ್ನು ಮದುವೆಯಾಗಿ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ. ಅಂದಿನಿಂದ ನಿಮ್ಮ ಕೈಯಡುಗೆ ತಿಂದು, ಬೈಗುಳವನ್ನೂ ತಿಂದು ಬೆಳೆದ ಮೈ ಇದು. ಇನ್ನೊಂದಿಷ್ಟು ತಡೆದುಕೊಳ್ಳುತ್ತದೆ.

ಮೂರು ಕಾಗದದಲ್ಲೂ ನೀವು ಒಂದೇ ಪ್ರಶ್ನೆ ಕೇಳಿದ್ದೀರಿ: “ಕೊನೇಲಿ ಅವರು ಏನಾದ್ರೂ ಅಂದ್ರಾ?” ಅಣ್ಣ ಹೋಗಿ ಐದು ತಿಂಗಳಾಯಿತು, ನೀವು ಮಗಳು ಗುಂಡಿಯನ್ನು ಕರೆದುಕೊಂಡು ನಿಮ್ಮ ತಂಗಿಯ ಮನೆಗೆ ಹೋಗಿ ನಾಲ್ಕು. ನಿಮ್ಮ ಪ್ರಶ್ನೆಗೆ ಬರುತ್ತೇನೆ ಅತ್ತಿಗೆ. ಸುತ್ತಿ ಬಳಸಿ ಬರುತ್ತೇನೆ, ನೇರವಾಗಿ ಬರಲು ಕಾಲು ಏಳುತ್ತಿಲ್ಲ.

ಮೊದಲು ಅಂಗಡಿಯ ಸುದ್ದಿ. ದಿನಾ ಬಾಗಿಲು ತೆಗೆಯುತ್ತೇನೆ. ಅಣ್ಣನ ದೊಡ್ಡ ಕತ್ತರಿಗೆ ಎಣ್ಣೆ ಬಿಟ್ಟು ಮೊಳೆಗೆ ತೂಗುಹಾಕಿದ್ದೇನೆ, ಬಳಸುವುದಿಲ್ಲ. ಕಿಟಕಿಯ ಹತ್ತಿರ ನೀವು ಕೂತು ಕಾಜಾ ಹೊಲಿಯುತ್ತಿದ್ದ ಸ್ಟೂಲು ಅಲ್ಲೇ ಇದೆ. ಕಸ ಗುಡಿಸುತ್ತೇನೆ, ಆದರೆ ನೆಲ ಒರೆಸಿಲ್ಲ. ಎದುರಿನ ಚಪ್ಪಲಿ ಅಂಗಡಿಯವರು ಮೊನ್ನೆ ಇಣುಕಿ, “ಏನಯ್ಯಾ, ಈ ನೆಲಕ್ಕೆ ನೀರು ತೋರ್ಸಿ ಎಷ್ಟು ಕಾಲ ಆಯ್ತು?” ಅಂದರು. “ಬಾಯಾರಿಕೆ ಆಗ್ಲಿಲ್ವಂತೆ ಅದಕ್ಕೆ” ಅಂದು ಸಾಗಹಾಕಿದೆ.

ಎರಡನೆಯ ಸುದ್ದಿ ಕೇಳಿದರೆ ನಗುತ್ತೀರಿ. ನಾನು ಡಾಕ್ಟರ ಹತ್ತಿರ ಹೋಗಿದ್ದೆ, ತಲೆಯ ಡಾಕ್ಟರು. ಕಳೆದ ತಿಂಗಳು ಒಂದು ಬೆಳಿಗ್ಗೆ ನನಗೆ ಹುರುಪು ಏರಿತು. ಅದು ಏರಿದರೆ ಹೇಗಿರುತ್ತೇನೆಂದು ನಿಮಗೆ ನಾನೇನು ಹೇಳುವುದು. ಬಟ್ಟೆಗೆ ಗುರುತು ಹಾಕಲು ಅಣ್ಣ ಕತ್ತರಿಸಿಟ್ಟ ಕಾಗದದ ಅಚ್ಚುಗಳೆಲ್ಲ ಅಟ್ಟದ ಮೇಲೆ ಇದ್ದವಲ್ಲ, ಎಲ್ಲ ಇಳಿಸಿ ಅಳತೆಯ ಪ್ರಕಾರ ಜೋಡಿಸತೊಡಗಿದೆ. ಊಟವಿಲ್ಲ, ನೀರಿಲ್ಲ, ಬಾಗಿಲಿಗೆ ಬಂದವರ ಅರಿವಿಲ್ಲ. ಮುನ್ನೂರಕ್ಕೂ ಹೆಚ್ಚು ಅಚ್ಚು ಒಂದೇ ದಿನದಲ್ಲಿ ಮುಗಿಸಿದೆ. ಆಮೇಲೆ ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಸಮವಸ್ತ್ರ ಬಿಗಿ ಮಾಡಿಸಲು ಕೊಟ್ಟಿದ್ದ ನರ್ಸಮ್ಮ ಮೂರು ಸಲ ಬಂದು ಹೋಗಿದ್ದರಂತೆ. ನಾಲ್ಕನೆಯ ಸಲ ನನ್ನ ಮುಖ ನೋಡಿ, ಬಟ್ಟೆಯ ಮಾತೇ ಎತ್ತದೆ, “ನಾಳೆ ನಮ್ಮ ಆಸ್ಪತ್ರೆಗೆ ಬನ್ನಿ” ಅಂದರು.

ಡಾಕ್ಟರಮ್ಮ ಎರಡು ಸಲ ಕೂರಿಸಿಕೊಂಡು ಚಿಕ್ಕಂದಿನಿಂದ ಎಲ್ಲ ಕೇಳಿದರು. ಕೊನೆಗೆ ಹೇಳಿದರು: “ಇದಕ್ಕೆ ಎಡಿಎಚ್‌ಡಿ ಅಂತಾರೆ. ನಿಮಗೆ ಗಮನ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಅದನ್ನ ಎಲ್ಲಿ ಇಡ್ಬೇಕು, ಯಾವಾಗ ತೆಗೀಬೇಕು ಅನ್ನೋದು ನಿಮ್ಮ ಕೈಲಿಲ್ಲ, ಅಷ್ಟೇ.” ಮೂವತ್ತಾರನೆಯ ವಯಸ್ಸಿನಲ್ಲಿ ನನ್ನ ಸೋಮಾರಿತನಕ್ಕೆ ಬೇರೆ ಹೆಸರು ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನಬೇಡಿ. “ಈ ಹುಡುಗನಿಗೆ ಏಳೋದೂ ಗೊತ್ತಿಲ್ಲ, ಎದ್ದರೆ ಕೂರೋದೂ ಗೊತ್ತಿಲ್ಲ” ಅನ್ನುತ್ತಿದ್ದಿರಲ್ಲ, ಅವರ ಚೀಟಿಯಲ್ಲಿ ಇರುವುದೂ ಅದೇ, ಸ್ವಲ್ಪ ಉದ್ದವಾಗಿ. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

“ಇಷ್ಟು ವರ್ಷ ಕೆಲಸ ಹೇಗೆ ಮಾಡ್ಕೊಂಡು ಬಂದ್ರಿ?” ಎಂದು ಅವರು ಕೇಳಿದಾಗ ಅಣ್ಣನ ಗೆರೆಯ ವಿಷಯ ಹೇಳಿದೆ. ನಿಮಗೆ ಗೊತ್ತಿರುವುದೇ, ಆದರೂ ಬರೆಯಬೇಕೆನಿಸುತ್ತಿದೆ. ಕತ್ತರಿಸಿದ ಬಟ್ಟೆಯನ್ನು ನನಗೆ ಕೊಡುವ ಮುಂಚೆ ಅಣ್ಣ ಹತ್ತು ತುಂಡು ಎಣಿಸುತ್ತಿದ್ದ. ಹತ್ತನೆಯದರ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯುತ್ತಿದ್ದ. ಗೆರೆ ಬಂದರೆ ಮಷೀನು ನಿಲ್ಲಬೇಕು. ನೀರು ಕುಡಿದು, ಬೀದಿಯ ಕೊನೆಯ ಅಂಚೆ ಡಬ್ಬ ಮುಟ್ಟಿ ಬರಬೇಕು. ಹುರುಪಿನಲ್ಲಿದ್ದಾಗ ನಾನು ಕಳ್ಳ, ಗೆರೆಯನ್ನು ಹೆಬ್ಬೆರಳಲ್ಲಿ ಒರೆಸಿ ಹೊಲಿಯುತ್ತಲೇ ಇರುತ್ತಿದ್ದೆ. ಆಗ ಅವನು ಎದ್ದು ಬಂದು ಭುಜದ ಮೇಲೆ ಕೈಯಿಟ್ಟು “ಗೆರೆ ಕಣೋ” ಅನ್ನುತ್ತಿದ್ದ. ಕೈ ಬಿದ್ದ ಕೂಡಲೇ ನನ್ನ ಕಾಲು ಪೆಡಲ್ ಬಿಡುತ್ತಿತ್ತು. ಹುರುಪು ಇಲ್ಲದ ದಿನ ಕೆಲಸ ಮಾಡು ಅನ್ನುತ್ತಿರಲಿಲ್ಲ. ಒಂದೇ ಒಂದು ತೋಳು ತಂದು ನನ್ನ ಮುಂದಿಟ್ಟು, “ಇದು ಸರಿ ಇದೆಯಾ ನೋಡು” ಅಂದು ಹೋಗಿಬಿಡುತ್ತಿದ್ದ. ನೋಡಲು ಕೈಗೆತ್ತಿಕೊಂಡವನು ಸಂಜೆಯವರೆಗೆ ಹೊಲಿಯುತ್ತಿದ್ದೆ.

ಡಾಕ್ಟರಮ್ಮ ಪೆನ್ನು ತೆಗೆದು ಇದನ್ನೆಲ್ಲ ಬರೆದುಕೊಂಡರು. “ನಿಮ್ಮಣ್ಣ ಏನು ಓದಿದ್ರು?” ಅಂದರು.

“ಏಳನೇ ಕ್ಲಾಸು ಡಾಕ್ಟರೇ, ಅದೂ ದಬ್ಬಿಸ್ಕೊಂಡು.”

ಅವರು ನಕ್ಕರು. ನಾನೂ ನಗಲು ಹೋದೆ, ಅಳು ಬಂತು. ಅವರ ಕೋಣೆಯಲ್ಲಿದ್ದ ಕಾಗದದ ಕರವಸ್ತ್ರ ಅಷ್ಟೂ ಖಾಲಿ ಮಾಡಿ ಬಂದೆ.

ಈಗ ಅವರು ಹೇಳಿದ ಹಾಗೆ ನಡೆಯುತ್ತಿದ್ದೇನೆ. ಮಷೀನಿಗೆ ಕೂರುವ ಮೊದಲೇ ನೀರಿನ ಬಾಟಲಿ ಪಕ್ಕಕ್ಕಿಡಬೇಕು. ಅಲಾರಂ ಗಡಿಯಾರ ಕೈಗೆ ಸಿಗಬಾರದು, ಎದ್ದು ಹೋಗಿ ಆರಿಸುವಷ್ಟು ದೂರದಲ್ಲಿರಬೇಕು. ನನ್ನದು ಬಾಗಿಲ ಪಕ್ಕದ ಕಪಾಟಿನ ಮೇಲಿದೆ. ಹುರುಪು ಇಳಿದ ಮಾರನೆಯ ದಿನ ದೊಡ್ಡ ಕೆಲಸ ಒಪ್ಪಿಕೊಳ್ಳುವಂತಿಲ್ಲ. ಗೆರೆಯನ್ನು ಈಗ ನಾನೇ ಎಳೆದುಕೊಳ್ಳುತ್ತೇನೆ. ಆದರೆ ನಾನೇ ಎಳೆದ ಗೆರೆಗೆ ನನಗೆ ಹೆದರಿಕೆಯಿಲ್ಲ ಅತ್ತಿಗೆ, ಅದೇ ಕಷ್ಟ.

ಇನ್ನು ಗುಂಡಿಯ ವಿಷಯ. ಚಿತ್ರ ಬರೆಯುತ್ತ ಕೂತವಳಿಗೆ ಶಾಲೆಯ ಗಂಟೆಯೇ ಕೇಳಿಸಲಿಲ್ಲ, ಇಡೀ ಕ್ಲಾಸು ಮನೆಗೆ ಹೋದರೂ ಅವಳು ಅಲ್ಲೇ ಇದ್ದಳು ಎಂದು ಬರೆದಿದ್ದೀರಿ. “ಅಡುಗೆಮನೆಯಿಂದ ಹತ್ತು ಸಲ ಕೂಗಿದ್ರೂ ತಿರುಗಿ ನೋಡಲ್ಲ, ಥೇಟ್ ನಿನ್ನ ಹಾಗೇ” ಅಂತಲೂ ಬರೆದಿದ್ದೀರಿ. ನನ್ನಂತೆಯೇ ಅವಳಿಗೂ ಇದೆಯೋ ಇಲ್ಲವೋ ನಾನು ಹೇಳಲಾರೆ. ಇಂಥದ್ದು ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರುವುದುಂಟಂತೆ. ಡಾಕ್ಟರಿಗೆ ತೋರಿಸಿ. ಅದುವರೆಗೆ ನನ್ನದೊಂದು ಮಾತು ನಡೆಸಿಕೊಡಿ, ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಭುಜದ ಮೇಲೆ ಕೈಯಿಡಿ, ಅವಳು ಮುಖ ಎತ್ತಿ ನೋಡುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಕರೆದ ದನಿ ಒಳಗೆ ಇಳಿಯುವುದಿಲ್ಲ, ಮುಟ್ಟಿದರೆ ಇಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

“ಮುಂದಿನ ತಿಂಗಳು ಒಂದನೇ ತಾರೀಕು ವಾಪಸ್ಸು ಬರ್ತೀನಿ, ಮತ್ತೆ ಕಿಟಕಿ ಹತ್ತಿರ ಕೂತು ಕಾಜಾ ಹೊಲೀತೀನಿ, ನೀನು ಮಷೀನು ನೋಡ್ಕೊ, ನಾನು ನಿನ್ನ ನೋಡ್ಕೋತೀನಿ” ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕಾಗದದ ಮಡಿಕೆ ಹರಿಯುತ್ತ ಬಂದಿದೆ. ಅಮ್ಮನ ಮುಖ ನನಗೆ ನೆನಪಿಲ್ಲ. ಇರುವ ಅಮ್ಮ ನೀವೇ. ನೀವು ಬರಬೇಕೆಂದು ನನಗೆಷ್ಟು ಆಸೆಯಿದೆಯೆಂದು ಬರೆದು ತೋರಿಸಲಾರೆ. ಆದರೂ ಈ ಕಾಗದವನ್ನು ಕೊನೆಯವರೆಗೆ ಓದುವ ತನಕ ಟಿಕೆಟ್ ಮಾಡಿಸಬೇಡಿ.

ಗುಂಡಿಗೆ ಚಿಕ್ಕಪ್ಪನ ಆಶೀರ್ವಾದ. ಅವಳು ಮನಸ್ಸಿಟ್ಟ ಕೆಲಸವೆಲ್ಲ ಕೈಗೂಡಲಿ, ಕರೆಯುವವರು ಯಾವಾಗಲೂ ಅವಳ ಪಕ್ಕದಲ್ಲೇ ಇರಲಿ. ನಿಮ್ಮ ಆಶೀರ್ವಾದ ಕೇಳಲು ಇವತ್ತು ನನಗೆ ಬಾಯಿಲ್ಲ.

ನಿಮ್ಮ ಮೈದುನ,
ಬಿರುಗಾಳಿ

ತಾ.ಕ. ಹೌದು ಅತ್ತಿಗೆ, ಕೊನೆಯಲ್ಲಿ ಅಣ್ಣ ಮಾತಾಡಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಮ್ಮ ಕೈ ಹಿಡಿದು “ಒಂದೇ ಗಳಿಗೇಲಿ ಹೋಗ್ಬಿಟ್ಟ, ಮಾತೇ ಆಡ್ಲಿಲ್ಲ” ಅಂದೆನಲ್ಲ, ಅದು ಸುಳ್ಳು.

ಆ ಮಧ್ಯಾಹ್ನ ನೀವು ಅಂಗಡಿಯಲ್ಲಿರಲಿಲ್ಲ, ನಾನು ಶಾಲೆಯ ಶರ್ಟುಗಳಿಗೆ ತೋಳು ಕೂರಿಸುತ್ತಿದ್ದೆ. ಬೆಳಗಿನಿಂದ ಹುರುಪು ಏರಿತ್ತು, ಎರಡು ಸಲ ಗೆರೆಯನ್ನು ಒರೆಸಿಹಾಕಿದ್ದೆ. ಬೆನ್ನ ಹಿಂದೆ ಕತ್ತರಿಸುವ ಮೇಜಿನ ಹತ್ತಿರದಿಂದ ಅಣ್ಣ “ಗೆರೆ ಕಣೋ” ಅಂದ. ನಾನು ತಿರುಗದೆ “ಇದೊಂದು ತೋಳು ಅಣ್ಣ” ಅಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ “ಗೆರೆ” ಅಂದ, ದನಿ ಸಣ್ಣದಿತ್ತು. ಊಟಕ್ಕೆ ಕರೆಯುತ್ತಿದ್ದಾನೆಂದುಕೊಂಡೆ. ಆಮೇಲೆ ಹನ್ನೊಂದು ತೋಳು ಕೂರಿಸಿದೆ. ಬಾಬಿನ್ನಿನ ದಾರ ಮುಗಿದು ಹೊಲಿಗೆ ಬೀಳದಾದಾಗ ತಿರುಗಿದೆ, ಅಣ್ಣ ನೆಲದ ಮೇಲೆ ಬಿದ್ದಿದ್ದ. ಅರ್ಧ ಗಂಟೆ ಕಳೆದಿತ್ತು. “ಸ್ವಲ್ಪ ಮುಂಚೆ ತಂದಿದ್ರೆ...” ಎಂದು ಆಸ್ಪತ್ರೆಯವರು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

“ಆ ಹೊತ್ತಿನಲ್ಲಿ ನಿಮಗೆ ಕೇಳಿಸಿರೋದಿಲ್ಲ, ತಪ್ಪು ನಿಮ್ಮದಲ್ಲ” ಎಂದು ಡಾಕ್ಟರಮ್ಮ ಹೇಳುತ್ತಾರೆ. ಒಳ್ಳೆಯವರು. ಆದರೆ ನಾನು ಉತ್ತರ ಕೊಟ್ಟಿದ್ದೇನೆ ಅತ್ತಿಗೆ. ಕೇಳಿಸದವನು ಉತ್ತರ ಕೊಡುವುದಿಲ್ಲ.

ಅವನ ಬಲಗೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಮೇಜಿನ ಕಾಲಿನಿಂದ ನನ್ನ ಕುರ್ಚಿಯ ಕಡೆಗೆ ನೆಲದ ಮೇಲೆ ಒಂದು ಬಿಳಿ ಗೆರೆ. ಬಿದ್ದ ಮೇಲೂ ತೆವಳಿಕೊಂಡು ಬಂದಿದ್ದಾನೆ, ನನ್ನ ಭುಜ ಮುಟ್ಟಲು. ಇನ್ನು ಎರಡು ಗೇಣು ಉಳಿದಿತ್ತು. ನಾನು ಆ ಗೆರೆಯನ್ನು ಬಿಟ್ಟು ಕಸ ಗುಡಿಸುವುದು, ನೆಲ ಒರೆಸದಿರುವುದು ಅದಕ್ಕೇ.

ಒಂದನೇ ತಾರೀಕು ನೀವು ಬರದಿದ್ದರೆ ಯಾಕೆಂದು ಕೇಳುವುದಿಲ್ಲ. ಬಂದರೆ ಮಾತ್ರ ಬಾಗಿಲಲ್ಲಿ ನಿಂತು ಕರೆಯಬೇಡಿ. ಬೈಯುವುದಕ್ಕಾಗಲಿ, ಹೊಡೆಯುವುದಕ್ಕಾಗಲಿ, ಒಳಗೆ ನನ್ನ ಕುರ್ಚಿಯವರೆಗೆ ಬಂದು ಮುಟ್ಟಿ, ಅತ್ತಿಗೆ.