ಅಣ್ಣನ ಕಾರಿನ ಸೀಟು

ಮಾರ್ಚ್ ೧೧, ಬುಧವಾರ

ನಾಳೆ ಬೆಳಗ್ಗೆ ಅಣ್ಣನಿಗೆ ಕಾರು ವಾಪಸ್ಸು ಕೊಡಬೇಕು, ಹಿಂದಿನ ಸೀಟು ಅಂಗೈಯಗಲ ಬಿಳಿಚಿಕೊಂಡು ಕೂತಿದೆ. ಅತ್ತೆಯನ್ನು ಆಸ್ಪತ್ರೆಯಿಂದ ಕರೆತರುವಾಗ ಅವರಿಗೆ ತಡೆಯಲಾಗದೆ ಸೀಟಿನಲ್ಲೇ ಮೂತ್ರ ಹೋಯಿತು. ಮುಂದೆ ಕಾರು ಓಡಿಸುತ್ತಿದ್ದ ನಮ್ಮ ಮನೆಯವರಿಗೂ ಗೊತ್ತಾಗಲಿಲ್ಲ. "ನಿಮ್ಮಣ್ಣಂಗೆ ಹೇಳ್ಬೇಡ ಕಣೇ, ನನ್ನ ಮಾನ ಉಳಿಸು" ಎಂದು ಅತ್ತೆ ಕೈ ಹಿಡಿದರು. ಆಯಿತು ಎಂದುಬಿಟ್ಟೆ. ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದವಳು ನಾನೇ. ಚರ್ಮ ಪಾತ್ರೆಯಲ್ಲ ಎಂಬ ಬುದ್ಧಿ ಆಮೇಲೆ ಬಂತು.

ಸಂಜೆ ಕಾರಿನ ಸಾಮಾನಿನ ಅಂಗಡಿಗೆ ಹೋದರೆ ಗೋಡೆ ತುಂಬ ಸೀಸೆಗಳು. ತೊಳೆಯುವುದಕ್ಕೆ ಒಂದು, ಮೆತ್ತಗಾಗುವುದಕ್ಕೆ ಒಂದು, ಮುಂದೆ ಕಲೆ ಹಿಡಿಯದಿರಲು ಇನ್ನೊಂದು.

"ಯಾವ ಥರದ ಲೆದರ್ರು ಅಮ್ಮ?" ಎಂದ ಅಂಗಡಿಯವನು.

"ದನದ್ದೋ ಎಮ್ಮೇದೋ, ನಾನೇನು ಮಾತಾಡ್ಸಿದೀನಾ?"

ನಗುತ್ತಾ ಮೂರನ್ನೂ ಕಟ್ಟಿಕೊಟ್ಟ. "ಬಣ್ಣ ಹೋಗಿದ್ರೆ ಮಾತ್ರ ಇದ್ಯಾವುದ್ರಿಂದ್ಲೂ ಬರಲ್ಲ" ಎಂದೂ ಹೇಳಿದ. ಮತ್ತೆ ಯಾಕೆ ತಂದೆನೋ.

ಅಣ್ಣ ಕೇಳಿಯೇ ಕೇಳುತ್ತಾನೆ. ನಾನೇ ಏನೋ ಚೆಲ್ಲಿದೆ ಎಂದರೆ ಮುಗಿಯಿತು, ಆದರೆ ನಾಲಿಗೆ ಏಳುವುದಿಲ್ಲ. ಇನ್ನೊಬ್ಬರ ಮಾನಕ್ಕೆ ಹೇಳುವ ಸುಳ್ಳೂ ಸುಳ್ಳೇನಾ? ದೇವರ ಮುಂದೆ ಎಷ್ಟು ಹೊತ್ತು ಕೂತರೂ ತಿಳಿಯಲಿಲ್ಲ.

ಎದ್ದು ಬಂದಾಗ ಅತ್ತೆ ಹಾಸಿಗೆಯಿಂದಲೇ ಅಂದರು, "ತಲೆ ಕೆಡಿಸ್ಕೋಬೇಡ. ನಾಳೆ ನಾನೂ ಬರ್ತೀನಿ. ಅದ್ರ ಮೇಲೇ ಕೂತಿರ್ತೀನಿ, ಯಾರಿಗೆ ಕಾಣುತ್ತೆ?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗು ನಿಂತ ಮೇಲೆ ಅವರೇ ಮೆಲ್ಲಗೆ ಕೇಳಿದರು, "ಅಲ್ಲೀತನಕ ತಡ್ಕೋತೀನೇನೇ?"

"ತಡ್ಕೋತೀರ ಅತ್ತೆ" ಎಂದೆ. ಅದು ಸುಳ್ಳೋ, ಧೈರ್ಯವೋ, ಈಗ ನನಗೇ ಗೊತ್ತಿಲ್ಲ.