ಅಟ್ಟದ ಮೇಲಿನ ಕೊಡೆಗಳು

ಕೊಡೆ ಅಂಗಡಿ, ದೊಡ್ಡ ಬೀದಿ
ಜುಲೈ ೮, ಮಂಗಳವಾರ, ಗಿರಾಕಿ ಇಲ್ಲದ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಈ ಊರಿನಲ್ಲಿ ಮಳೆ ಎಂದು ಬರಬೇಕು, ಎಂದು ನಿಲ್ಲಬೇಕು ಎಂದು ತೀರ್ಮಾನಿಸುವವನು ನಿನ್ನ ದೊಡ್ಡಪ್ಪನೇ ಎಂಬುದು ನಿನಗೆ ಗೊತ್ತಿಲ್ಲದ ವಿಷಯವೇನಲ್ಲ. ಮೊನ್ನೆಯೂ ಮೋಡಗಳು ನನ್ನ ಅಂಗಡಿಯ ನೆತ್ತಿಗೆ ಬಂದು ಸುಮ್ಮನೆ ಕಾಯುತ್ತಿದ್ದವು. ನಾನು ಬಾಗಿಲಿಗೆ ಬಂದು ತಲೆ ಎತ್ತಿದೆ, ಅಷ್ಟೇ, ಸುರಿದವು. ಬೀದಿಯವರೆಲ್ಲ ಸಾಕ್ಷಿ. ಇರಲಿ, ದೊಡ್ಡವರು ತಮ್ಮ ದೊಡ್ಡತನವನ್ನು ತಾವೇ ಹೇಳಿಕೊಳ್ಳಬಾರದು. ನೀನು ಹೇಗಿದ್ದೀ? ಕೆಮ್ಮು ಹೋಯಿತೇ? ಆ ಗೋದಾಮಿನ ಲೆಕ್ಕದ ಕೋಣೆಯಲ್ಲಿ ಫ್ಯಾನು ನೇರ ನಿನ್ನ ತಲೆಗೇ ಬೀಸುತ್ತದೆ ಎಂದು ನೀನೇ ಬರೆದಿದ್ದೀ. ಮೇಜು ಸರಿಸು. ಸರಿಸಲು ಬಿಡದಿದ್ದರೆ ಫ್ಯಾನು ಕೆಡಿಸು. ಹೇಗೆಂದು ಹೇಳಿಕೊಡಬೇಕಿಲ್ಲ, ನನ್ನ ತೊಡೆಯ ಮೇಲೆ ಬೆಳೆದವಳು ನೀನು. ನಿನ್ನ ದೊಡ್ಡಮ್ಮನಿಗೆ ಮೊಣಕಾಲು ನೋವು ಹಾಗೆಯೇ ಇದೆ, ನಾಲಿಗೆ ಮಾತ್ರ ಪೂರ್ತಿ ಆರೋಗ್ಯವಾಗಿದೆ.

ನಿನ್ನ ಕಾಗದ ಬಂತು. "ಅಪ್ಪನ ಕೊಡೆ ಕಾರ್ಖಾನೆ ನಿಜವಾಗ್ಲೂ ನಡೀತಾ ಇದೆಯಾ, ಇಲ್ಲ ಅಪ್ಪನ ಉತ್ಸಾಹ ಮಾತ್ರ ನಡೀತಾ ಇದೆಯಾ? ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಬಾ ಅಂತಿದಾನೆ. ನಿಜ ಹೇಳೋನು ನೀನೊಬ್ಬನೇ ದೊಡ್ಡಪ್ಪ" ಎಂದು ಕೇಳಿದ್ದೀ. ಆ ಕೊನೆಯ ಸಾಲನ್ನು ದೊಡ್ಡಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅದಕ್ಕೇ ಉತ್ತರ ಬರೆಯಲು ಇಷ್ಟು ತಡವಾಯಿತು.

ನಿನ್ನ ಅಪ್ಪ, ಅಂದರೆ ನನ್ನ ಷಡ್ಡಕ, ಅಂದರೆ ಆ ಕಡ್ಡಿ (ಸಿಟ್ಟಾಗಬೇಡ, ಅವನ ಮದುವೆಯ ದಿನದಿಂದಲೂ ನಾನು ಕರೆಯುವುದು ಹಾಗೆಯೇ), ತಾನು ದುಡಿಯುತ್ತಿದ್ದ ಹಳೆಯ ಕೊಡೆ ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೊಡೆ ರಿಪೇರಿ ಮಾಡಿದವನು. ಮೆಟ್ಟಿಲಿಗೆ ನಾನು ಒಂದು ದಿನವೂ ಬಾಡಿಗೆ ಕೇಳಲಿಲ್ಲ. ಇದನ್ನು ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಕಾರ್ಖಾನೆ ಏಕೆ ಮುಚ್ಚಿತು ಎಂಬುದನ್ನು ಮಾತ್ರ ಅಷ್ಟಾಗಿ ಹೇಳಿಲ್ಲ. ಹೊರದೇಶದ ಅಗ್ಗದ ಮಡಚುವ ಕೊಡೆಯನ್ನು ಈ ಬೀದಿಗೆ ಮೊದಲು ತಂದವನು ನಾನು. ಗುಂಡಿ ಒತ್ತಿದರೆ ಟಪ್ಪೆಂದು ಬಿಚ್ಚುತ್ತಿತ್ತು, ಗಾಳಿ ಬಂದರೆ ಅದಕ್ಕಿಂತ ಟಪ್ಪೆಂದು ಮಗುಚಿಕೊಳ್ಳುತ್ತಿತ್ತು. ಮಗುಚಿದ್ದನ್ನು ಜನ ಮೆಟ್ಟಿಲ ಮೇಲೆ ನಿನ್ನ ಅಪ್ಪನ ಕೈಗೆ ಕೊಡುತ್ತಿದ್ದರು. ಒಳಗೆ ನನಗೆ ವ್ಯಾಪಾರ, ಹೊರಗೆ ಅವನಿಗೆ ವ್ಯಾಪಾರ. ಎಲ್ಲರೂ ಸುಖವಾಗಿದ್ದೆವು. ನಾನಂತೂ ಇದ್ದೆ.

ಹೋದ ವರ್ಷ ಅವನು ಆ ತುಕ್ಕು ಹಿಡಿದ ಶೆಡ್ಡಿನ ಬೀಗ ತೆಗೆಸಿ, ಯಂತ್ರಗಳಿಗೆ ಎಣ್ಣೆ ಬಿಟ್ಟು, ಹಿಂದೆ ಅಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸರನ್ನು ಮನೆಮನೆಗೆ ಹೋಗಿ ಕರೆತಂದಾಗ ನಾನು ಗಲ್ಲಾದಲ್ಲೇ ಕೂತು ನಕ್ಕೆ. "ಹಿತ್ತಲ ಗಿಡ ಮದ್ದಲ್ಲ ಕಣೋ ಕಡ್ಡಿ, ನಮ್ಮೂರಲ್ಲಿ ಮಾಡಿದ ಕೊಡೇನ ನಮ್ಮೂರೋರೇ ಹಿಡಿಯಲ್ಲ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನ ಕೊಡೆ ನನ್ನ ಅಂಗಡಿಯ ಹೊಸ್ತಿಲು ದಾಟಿದರೆ ಮೀಸೆ ಬೋಳಿಸುತ್ತೇನೆ ಎಂದು ಎದುರಿನ ಕ್ಷೌರದ ಅಂಗಡಿಯವನ ಮುಂದೆಯೇ ಶಪಥ ಮಾಡಿದೆ. ಅಂದಿನಿಂದ ಆ ಕ್ಷೌರದವನು ನನ್ನನ್ನು ಕಂಡಾಗಲೆಲ್ಲ ಕತ್ತಿ ಮಸೆಯುತ್ತಾನೆ.

ಕೊಡೆ ಹೇಗಿದೆ ಎಂದರೆ, ಇದೆ. ಉದ್ದ, ಕಪ್ಪು, ಮಡಚುವುದಿಲ್ಲ, ಮುತ್ತಾತನ ಕಾಲದ್ದು. ಬಾಗಿದ ಮರದ ಹಿಡಿ, ಅದರ ಮೇಲೆ ಕಾದ ಕಬ್ಬಿಣದಿಂದ "ಇಲ್ಲೇ ಮಾಡಿದ್ದು" ಎಂದು ಸುಟ್ಟು ಬರೆದಿದ್ದಾರೆ. ಬೆಲೆ ನನ್ನ ಕೊಡೆಯ ಎರಡರಷ್ಟು, ಮುನ್ನೂರು. ನನ್ನ ಹತ್ತಿರ ಹತ್ತು ಕಡಿಮೆ ಮಾಡು ಎಂದು ಅರ್ಧ ಗಂಟೆ ಜಗಳವಾಡುತ್ತಿದ್ದ ಅದೇ ಜನ ಅಲ್ಲಿ ತುಟಿ ಪಿಟ್ಟೆನ್ನದೆ ಮುನ್ನೂರು ಎಣಿಸಿ, ಆಗ ತಾನೇ ಹುಟ್ಟಿದ ಮಗುವಿನ ಮುಖ ನೋಡಿದಂತೆ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕೇಳಿದರೆ, "ನಮ್ಮೋರು ಮಾಡಿದ್ದಲ್ವಾ" ಅಂತಾರೆ. ಹಾಗಾದರೆ ಇಷ್ಟು ವರ್ಷ ನಾನು ಯಾರವನಾಗಿದ್ದೆ?

ಹೊಟ್ಟೆಕಿಚ್ಚೇ ಎಂದು ನೀನು ಕೇಳಬಹುದು. ಛೆ. ಹೊಟ್ಟೆಕಿಚ್ಚು ಬರುವುದು ಸರೀಕರ ಮೇಲೆ. ನನಗೆ ಬಂದಿರುವುದು ಎದೆಯುರಿ, ಔಷಧಿ ಅಂಗಡಿಯವನೇ ಹೇಳಿ ಮಾತ್ರೆ ಕೊಟ್ಟಿದ್ದಾನೆ. ಆದರೆ ಒಂದು ಮಾತು. ನಿನ್ನ ಅಜ್ಜನ ಮನೆಯಲ್ಲಿ ಹಿರಿಯ ಅಳಿಯ ನಾನು. ಕಾಫಿ ಬಂದರೆ ಮೊದಲ ಲೋಟ ಇಳಿಯುವುದು ನನ್ನ ಮುಂದೆ. ಹೋದ ತಿಂಗಳು ಎಲ್ಲರೂ ಸೇರಿದ್ದಾಗ ಆ ಲೋಟ ನನ್ನ ಮೂಗಿನ ಕೆಳಗೇ ಹಾದು ನಿನ್ನ ಅಪ್ಪನ ಮುಂದೆ ಇಳಿಯಿತು. ಇದು ಸಣ್ಣ ವಿಷಯ ಎಂದು ಸಣ್ಣವರು ಹೇಳುತ್ತಾರೆ. ನನಗೆ ತಡೆಯಲಾಗಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಅಜ್ಜನ ಎದುರೇ ಅಂದುಬಿಟ್ಟೆ. ನಿನ್ನ ಅಪ್ಪ ಸಿಟ್ಟಾಗಬೇಕಿತ್ತು ತಾನೇ? "ರಾತ್ರಿ ಹಿಡಿದ್ರೂ ಹಗಲು ಹಿಡಿದ್ರೂ ಬಾಳಿಕೆ ಬರುತ್ತೆ ಅಣ್ಣ, ಕಡ್ಡಿ ನಾನೇ ನಿಂತು ಹಾಕಿಸಿರೋದು" ಅಂದ. ಎಲ್ಲರೂ ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ, ನಿಜವಾಗಿಯೇ ಹೇಳಿದ್ದ. ಅಂಥವನ ಮೇಲೆ ಹಗೆ ಸಾಧಿಸುವುದು ಎಷ್ಟು ಕಷ್ಟವೆಂದು ನಿನಗೆ ತಿಳಿಯದು.

ಇನ್ನು ವ್ಯಾಪಾರದ ಮಾತು. ಮಳೆಗಾಲ ಹಿಡಿಯುವ ಹೊತ್ತಿಗೆ ಪೇಟೆಯ ಅಂಗಡಿಗಳಲ್ಲಿ ಅವನ ಕೊಡೆ ಬಂದಂತೆಲ್ಲ ಖಾಲಿಯಾಗತೊಡಗಿತು. ಕಾರಣ ಯಾರಿಗೂ ತಿಳಿಯದು. ಮೂಲೆಯ ಅಂಗಡಿಯವನು "ಕೊಡೆ ಮುಗಿದಿದೆ, ನಾಳೆ ಬನ್ನಿ" ಎಂದು ಹಲಗೆ ನೇತುಹಾಕಿದ. ಅಲ್ಲಿ ಸಿಗದ ಜನ ಎರಡು ಹೆಜ್ಜೆ ಆಚೆ ನನ್ನ ಅಂಗಡಿಗೆ ಬರಬೇಕು, ಬರುವುದೇ ಲೋಕರೂಢಿ. ಬರಲಿಲ್ಲ. ನೆನೆದುಕೊಂಡೇ ಮನೆಗೆ ಹೋಗಿ ಮಾರನೆಯ ಬೆಳಿಗ್ಗೆ ಮೂಲೆಯ ಅಂಗಡಿಯ ಮುಂದೆ ಸಾಲು ನಿಂತರು. ಸಿಗದ ಕೊಡೆಗೆ ಬೇಡಿಕೆ ಜಾಸ್ತಿ. ನಾನೂ ಏಳೆಂಟು ಕೊಡೆ ತರಿಸಿ ನೋಡಿದೆ, ಬರೀ ಪರೀಕ್ಷೆಗೆ. ಅಟ್ಟದ ಮೇಲೆ ಏನಿದೆ ಎಂದು ದೊಡ್ಡಮ್ಮ ಏನಾದರೂ ಬರೆದರೆ ನಂಬಬೇಡ.

ಆಮೇಲೆ ನಿನ್ನ ಅಪ್ಪ ನನ್ನ ಅಂಗಡಿಗೆ ಬಂದ. ಒಳಗೆ ಬರಲಿಲ್ಲ, ಹಳೆಯ ಅಭ್ಯಾಸದಂತೆ ಮೆಟ್ಟಿಲ ಮೇಲೇ ಕೂತ. "ನಿಮ್ಮ ಬಾಯಿಗುಣ ಅಣ್ಣ. ನೀವು ಹಿಡಿಯಲ್ಲ ಅಂದ್ರಿ ನೋಡಿ, ಆವತ್ತಿಂದ ಕೊಡೆ ನಿಲ್ತಾನೇ ಇಲ್ಲ. ಇನ್ನೂ ನಾಲ್ಕು ಮೇಜು ಹಾಕ್ತೀನಿ, ಮಗಳನ್ನ ಕರೆಸ್ಕೊಳ್ತೀನಿ, ಲೆಕ್ಕ ಅವಳು ನೋಡ್ಕೊಳ್ಲಿ" ಅಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ. ಒಳ್ಳೆಯದಾಗಲಿ ಅಂದೆ. ಇನ್ನೇನು ಅನ್ನಲಿ?

ಆದ್ದರಿಂದ, ಕಾರ್ಖಾನೆ ನಡೆಯುತ್ತಿದೆ. ಹೊತ್ತು ಹೊತ್ತಿಗೆ ಊಟ ಮಾಡು, ಕುತ್ತಿಗೆಗೆ ಬಟ್ಟೆ ಸುತ್ತಿಕೋ. ಹೋದ ಕಡೆಯೆಲ್ಲ ನಿನ್ನ ಮಾತೇ ಮೇಲಾಗಲಿ ಎಂದು ಹರಸುತ್ತೇನೆ, ಆ ಗುಣ ನಮ್ಮ ಕಡೆಯಿಂದಲೇ ಬಂದದ್ದು.

ಇಂತಿ,
ಮಳೆಯ ಯಜಮಾನ,
ನಿನ್ನ ದೊಡ್ಡಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಹರಿದಿದ್ದೇನೆ. ಗುಬ್ಬಿ, ಆ ಕೊಡೆಗಳನ್ನು ಖಾಲಿ ಮಾಡಿಸಿದವನು ನಾನೇ. ಟೀ ಅಂಗಡಿಯವನನ್ನೂ ಗಾಡಿ ತಳ್ಳುವವರನ್ನೂ ಕಳಿಸಿ ಕೊಳ್ಳಿಸಿದೆ. ಅವನ ಕೊಡೆ ಸಿಗದಿದ್ದರೆ ಜನ ನನ್ನ ಹತ್ತಿರ ಬರುತ್ತಾರೆಂದು ಲೆಕ್ಕ ಹಾಕಿದ್ದೆ. ಹಳ್ಳಿ ಶಾಲೆಯಲ್ಲಿ ನನಗೆ ಕಲಿಸಿದ್ದು ಅಷ್ಟೇ ಲೆಕ್ಕ. ಈಗ ಮನೆಯ ಅಟ್ಟದ ಮೇಲೆ ನೂರ ನಲವತ್ತು ಇವೆ. ಮಾರೋಣವೆಂದರೆ ಮೀಸೆ ಅಡ್ಡ ಬರುತ್ತದೆ. ಹಿಡಿಯ ಮೇಲಿನ ಬರಹವನ್ನು ಮರಳು ಕಾಗದದಿಂದ ಉಜ್ಜಿ ನೋಡಿದೆ, ಅಕ್ಷರ ಹೋಗಲಿಲ್ಲ, ಉಗುರು ಹೋಯಿತು. ಊರು ಮಲಗಿದ ಮೇಲೆ ಅವನ್ನು ಏಣಿ ಹತ್ತಿಸುತ್ತಿದ್ದಾಗ ದೊಡ್ಡಮ್ಮ ದೀಪ ಹಿಡಿದು ನಿಂತು, "ಅರ್ಧರಾತ್ರೀಲಿ ಕೊಡೆ ಹಿಡಿದೋರು ಯಾರು ಅಂತ ಈಗ ಗೊತ್ತಾಯ್ತು" ಅಂದಳು. ನಿನ್ನ ಅಪ್ಪನಿಗೆ ಇದು ತಿಳಿಯಬಾರದು. ಆದರೆ ನಾನು ಕೊಂಡ ಕೊಡೆಗಳನ್ನು ನಂಬಿ ನೀನು ಕೆಲಸ ಬಿಡಬಾರದು.

ಇನ್ನೊಂದು ನಿಜವನ್ನೂ ಹೇಳಬೇಕು, ಇದು ಮೊದಲಿನದಕ್ಕಿಂತ ಕಷ್ಟದ್ದು. ಕೈ ಬರಿದಾಗಿ ನಾನು ಕೊಳ್ಳುವುದನ್ನು ನಿಲ್ಲಿಸಿ ಮೂರು ವಾರವಾಯಿತು. ಶನಿವಾರ ಮೂಲೆಯ ಅಂಗಡಿಯ ಎದುರು ನಿಂತು ನೋಡಿದೆ, ಕೊಡೆ ಧೂಳು ಹಿಡಿದಿರಲಿ ಎಂದು ಆಸೆಪಟ್ಟೇ ನೋಡಿದೆ. ಮಧ್ಯಾಹ್ನಕ್ಕೆಲ್ಲ ಖಾಲಿ. ಕೊಂಡವರಲ್ಲಿ ಒಬ್ಬನೂ ನನ್ನ ಮನುಷ್ಯನಲ್ಲ. ಬಾ ಗುಬ್ಬಿ. ಬಂದವಳು ಮಾಡಬೇಕಾದ ಮೊದಲ ಕೆಲಸ, ಜೂನ್ ತಿಂಗಳ ಮಾರಾಟದಲ್ಲಿ ನೂರ ನಲವತ್ತು ಕಳೆ. ಉಳಿದದ್ದು ಅವನ ನಿಜವಾದ ವ್ಯಾಪಾರ. ಅದಕ್ಕೆ ತಕ್ಕಂತೆ ಮೇಜು ಹಾಕಿಸು. ನಾಲ್ಕು ಬೇಡ, ಎರಡು ಸಾಕು.

ಏಳೆಂಟು ಎಂದದ್ದು ಸುಳ್ಳೆಂದು ಇಷ್ಟರಲ್ಲಿ ನಿನಗೆ ತಿಳಿದಿರುತ್ತದೆ. ಕೊಡೆಗಳಿಗೆ ನಲವತ್ತೆರಡು ಸಾವಿರ, ತಂದುಕೊಟ್ಟವರ ಬಾಯಿ ಮುಚ್ಚಿಸಲು ಎರಡು ಸಾವಿರದ ಆರುನೂರು. ಒಟ್ಟು ನಲವತ್ತನಾಲ್ಕು ಸಾವಿರದ ಆರುನೂರು ಹೋಯಿತು. ದೊಡ್ಡಮ್ಮನಿಗೆ ಹನ್ನೆರಡು ಸಾವಿರ ಅಂದಿದ್ದೇನೆ.