ಮಧ್ಯರಂಗದ ಮೀನು

೧೯ ನವೆಂಬರ್ ೧೯೫೧, ಸೋಮವಾರ

ಇವತ್ತೂ ಟೈಪಿಸ್ಟ್ ರಜ. ಇವತ್ತೂ ನಾನೇ ಕುಟ್ಟಿದ್ದು. ಮೂರು ಗಂಟೆಗೆ ಹಾರ್ಟ್‌ಲಿ ಸಾಹೇಬ ಒಳಗೆ ಕರೆದ. ಆಫೀಸಿನ ಕೆಲಸವಲ್ಲ, ನೊಣ ಕಟ್ಟುವ ಕೆಲಸ. ಅವನು ಎರೆಹುಳು ಚುಚ್ಚಿ ಮೀನು ಹಿಡಿಯುವವನಲ್ಲ. ಗಾಳಕ್ಕೆ ಗರಿ, ರೇಷ್ಮೆ ದಾರ ಸುತ್ತಿ, ನೊಣದ ಹಾಗೆ ಮಾಡಿ ನೀರಿನ ಮೇಲೆ ಎಸೆಯುತ್ತಾನೆ. ಫ್ಲೈ ಅನ್ನುತ್ತಾನೆ ಅದಕ್ಕೆ. ಅವನ ಬೆರಳು ನಡುಗುತ್ತದೆ, ಬಾಟಲಿಯ ಪ್ರಭಾವ. ನನ್ನದು ನಡುಗುವುದಿಲ್ಲ. ಅಪ್ಪ ಕಲಿಸಿದ ಜನಿವಾರದ ಗಂಟನ್ನು ಒಮ್ಮೆ ಅವನೆದುರು ಹಾಕಿ ತೋರಿಸಿದ್ದೇ ತಪ್ಪಾಯಿತು. ಎಷ್ಟು ಎಳೆದರೂ ಬಿಚ್ಚುವುದಿಲ್ಲವಂತೆ. ಹನ್ನೊಂದು ಕಟ್ಟಿಕೊಟ್ಟೆ.

ಬಸವನಗುಡಿಗೆ ಬಂದವನೇ ತಲೆಗೆ ಸ್ನಾನ ಮಾಡಿದೆ. ಈ ಚಳಿಯಲ್ಲಿ ಯಾಕೋ ಎಂದು ಅಮ್ಮ ಕೇಳಿದಳು. ಬಸ್ಸಿನಲ್ಲಿ ಯಾರೋ ಮೈಮೇಲೆ ಕೆಮ್ಮಿದರು ಎಂದೆ.

೨೪ ನವೆಂಬರ್, ಶನಿವಾರ

ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಪೊರೆಯಲ್ಲವಂತೆ, ನರ. ಆಪರೇಷನ್ನಿಗೆ ಬಗ್ಗುವುದಿಲ್ಲ. ಎಡಗಣ್ಣು ಹೋಗಿಯೇ ಆಗಿದೆ. ಬಲಗಣ್ಣು ಸಂಕ್ರಾಂತಿಯ ತನಕ ನಡೆದರೆ ಪುಣ್ಯ.

ಜಟಕಾ ಗಾಂಧಿ ಬಜಾರ್ ದಾಟಿದ ಮೇಲೆ ಅಮ್ಮ ಹೇಳಿದಳು. “ಶ್ರೀರಂಗಪಟ್ಟಣದ ರಂಗನ್ನ ನೋಡಿದೀನಿ. ನಿಮ್ಮಪ್ಪ ಇದ್ದಾಗ ಶ್ರೀರಂಗಕ್ಕೂ ಹೋಗಿದ್ವಿ. ನಡುವಿನೋನೊಬ್ಬ ಉಳ್ಕೊಂಡಿದಾನೆ ಕಣೋ ಪಾಣಿ.”

ನಡುವಿನವನು ಶಿವನಸಮುದ್ರದ ರಂಗನಾಥ, ಮಧ್ಯರಂಗ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಹತ್ತು ವರ್ಷ ತಳ್ಳಿದವನು ನಾನೇ. ನೆನೆಸಿಕೊಂಡರೆ ನಾಚಿಕೆ.

೨೮ ನವೆಂಬರ್, ಬುಧವಾರ

ಸಾಹೇಬನ ತಂಗಿ ಇಂಗ್ಲೆಂಡಿನಿಂದ ಬಂದಿದ್ದಾಳೆ. ಅವನಿಗೆ ಊರಾಚೆ ಎಲ್ಲಾದರೂ ಮೀನು ಹಿಡಿಯಬೇಕು, ಅವಳಿಗೆ ಊರು ನೋಡಬೇಕು. ಎರಡೂ ಒಂದೇ ಟ್ರಿಪ್ಪಿನಲ್ಲಿ ಆಗುವ ಹಾಗೆ ಪ್ರೋಗ್ರಾಂ ಹಾಕು ಎಂದ. ಶಿವನಸಮುದ್ರ ಎಂದು ಬರೆದೆ. ಅವನಿಗೆ ಹೊಳೆ, ಅವಳಿಗೆ ಗಗನಚುಕ್ಕಿ, ಭರಚುಕ್ಕಿ. ನಮಗೆ ದೇವಸ್ಥಾನ — ಅದನ್ನು ಬರೆಯಲಿಲ್ಲ, ಬಾಯಲ್ಲಿ ಕೇಳಿದೆ. ತಾಯಿಯನ್ನು ಕರೆತರಬಹುದೇ ಎಂದು. ತಲೆ ಎತ್ತದೆ “ಆಫ್ ಕೋರ್ಸ್” ಎಂದ. ಇಂಥವನನ್ನು ಮನಸಾರೆ ಬೈಯುವುದೂ ಕಷ್ಟ.

೫ ಡಿಸೆಂಬರ್, ಬುಧವಾರ

ಸಾಹೇಬನ ಹತ್ತಿರ ನವಿಲುಗರಿ ಮುಗಿದಿದೆ. ನಮ್ಮ ದೇವರ ಮನೆಯಲ್ಲಿ ಕೃಷ್ಣನ ಪಟದ ಹಿಂದೆ ಮೂರು ಇವೆ. ಅಮ್ಮನನ್ನು ಕೇಳಿದೆ. ಯಾತಕ್ಕೆ ಎಂದಳು. ದೊರೆಸಾನಿ ಆಸೆಪಟ್ಟಿದ್ದಾಳೆ ಎಂದೆ. ಪಾಪ, ಇರಲಿ ಎಂದು ತಾನೇ ಒರೆಸಿ ಕೊಟ್ಟಳು.

೮ ಡಿಸೆಂಬರ್, ಶನಿವಾರ, ಸಂಜೆ. ಶಿವನಸಮುದ್ರ

ಬಂಗಲೆ ತಲುಪಿದೆವು. ಅಮ್ಮ ದಾರಿಯುದ್ದಕ್ಕೂ ಡ್ರೈವರ್ ಮುರುಗೇಶನ ಪಕ್ಕ ಚೀಲ ಅಪ್ಪಿಕೊಂಡು ಕೂತಿದ್ದಳು. ಒದ್ದೆ ಅವಲಕ್ಕಿ, ಬಾಳೆಹಣ್ಣು, ಅಷ್ಟೇ ಅವಳ ಊಟ. ದೇವಸ್ಥಾನ ಇಲ್ಲಿಂದ ಅರ್ಧ ಮೈಲಿ. ಅರ್ಚಕರನ್ನು ವಿಚಾರಿಸಿ ಬಂದೆ. ಬೆಳಿಗ್ಗೆ ಎಂಟಕ್ಕೆ ತೆಗೆದು ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ. ನಾಳೆ ಒಂಬತ್ತಕ್ಕೆ ನಾನೇ ಕೈಹಿಡಿದು ನಡೆಸಿಕೊಂಡು ಹೋಗುವುದು. ಮಧ್ಯಾಹ್ನ ವಾಪಸು, ಸಾಹೇಬನಿಗೆ ಕ್ಲಬ್ಬಿನಲ್ಲಿ ಡಿನ್ನರ್.

೧೨ ಡಿಸೆಂಬರ್, ಬುಧವಾರ

ಮೂರು ದಿನ ಪುಸ್ತಕ ಮುಟ್ಟಲಿಲ್ಲ. ಬರೆದುಬಿಡುತ್ತೇನೆ.

ಭಾನುವಾರ ಅಮ್ಮ ಏಳಕ್ಕೇ ತಣ್ಣೀರು ಸ್ನಾನ ಮುಗಿಸಿ, ಮಡಿ ಉಟ್ಟು, ತುಳಸಿಮಾಲೆ ಮಡಿಲಲ್ಲಿಟ್ಟುಕೊಂಡು ವರಾಂಡದ ಬೆಂಚಿನ ಮೇಲೆ ಕೂತಳು. ದರ್ಶನದ ತನಕ ನೀರೂ ಇಲ್ಲ. ಮುರುಗೇಶ ದೊರೆಸಾನಿಯನ್ನು ಗಗನಚುಕ್ಕಿಗೆ ಕರೆದುಕೊಂಡು ಹೋದ. ನಾನು ನವಿಲುಗರಿಯ ನೊಣವನ್ನು ದಾರಕ್ಕೆ ಕಟ್ಟಿಕೊಟ್ಟು ಬರೋಣವೆಂದು ಹೊಳೆಗೆ ಇಳಿದೆ. ಐದು ನಿಮಿಷದ ಕೆಲಸ.

ಕಟ್ಟಿದವನೇ ಎಸೆಯಲಿ ಎಂದು ಸಾಹೇಬ ಕೋಲನ್ನು ನನ್ನ ಕೈಗೆ ಕೊಟ್ಟ. ಎಸೆದೆ. ಮೊದಲು ಗಿಡಕ್ಕೆ ಸಿಕ್ಕಿತು, ಆಮೇಲೆ ನನ್ನ ಪಂಚೆಗೆ. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಕೈಗೆ ಹದ ಸಿಕ್ಕಿತು... ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ, ನೊಣ ಸದ್ದಿಲ್ಲದೆ ನೀರಿಗೆ ಇಳಿಯುವುದು. ಸುಳ್ಳೇಕೆ, ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಹದಿನೆಂಟು ವರ್ಷ ಇನ್ನೊಬ್ಬರು ಹೇಳಿದ್ದನ್ನು ಕುಟ್ಟಿದ ಕೈ ಇದು.

ಹತ್ತು ಗಂಟೆಗೆ ಸಾಹೇಬನೇ ನೆನಪು ಮಾಡಿದ, ನಿನ್ನ ತಾಯಿ ಕಾಯುತ್ತಿರಬೇಕಲ್ಲ ಎಂದು. ದೇವಸ್ಥಾನ ಎರಡರವರೆಗೆ ತೆಗೆದಿರುತ್ತದೆ ಸರ್ ಎಂದೆ. ಅವನು ಕೆಡಿಸಲಿಲ್ಲ ನನ್ನನ್ನು. ನಾನೇ ಹೇಳಿದೆ. ಹನ್ನೆರಡೆಂದು ಗೊತ್ತಿದ್ದೇ ಹೇಳಿದೆ.

ಹನ್ನೊಂದರ ಸುಮಾರಿಗೆ ಮೀನು ಕಚ್ಚಿತು. ಒಂದೂವರೆ ಗಂಟೆ ಎಳೆದಾಡಿತು. ಗಂಟು ಬಿಚ್ಚಲಿಲ್ಲ. ದಡಕ್ಕೆ ತಂದು ಎರಡು ಕೈಯಲ್ಲಿ ಎತ್ತಿದೆ, ಕೂಸನ್ನು ಎತ್ತಿದ ಹಾಗೆ. ತಿರುಗಿದರೆ ಮೇಲೆ ದಾರಿಯಲ್ಲಿ ಅಮ್ಮ. ಮುರುಗೇಶ ಕೈ ಹಿಡಿದಿದ್ದ. ಗಗನಚುಕ್ಕಿಯಿಂದ ಹಿಂದಿರುಗಿದವನು, ನಾನು ಇನ್ನೂ ಬಂದಿಲ್ಲವೆಂದು ತಾನೇ ಅವಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದನಂತೆ. ಬಾಗಿಲು ಹಾಕಿತ್ತು. ಇನ್ನು ತೆಗೆಯುವುದು ಸಂಜೆ ಆರಕ್ಕೆ.

ಅಮ್ಮ ಹೊಳೆಯ ಕಡೆ ಬಹಳ ಹೊತ್ತು ನೋಡಿದಳು. “ಮುರುಗೇಶ, ಸಾಹೇಬ್ರ ಪಕ್ಕ ನಿಂತಿರೋದು ಯಾರಪ್ಪಾ?”

ಅವನು ನನ್ನ ಮುಖ ನೋಡಿದ. “ಯಾರೋ ಮೀನ್ ಹಿಡಿಯೋರು ಕಣಮ್ಮ.”

“ಸರಿ. ಪಾಣಿ ಸಿಕ್ಕಿದ್ರೆ ಹೇಳು, ಕಾರಲ್ಲಿರ್ತೀನಿ ಅಂತ.”

ಮೀನು ಕೈಯಲ್ಲೇ ಇತ್ತು, ಇನ್ನೂ ಬಾಲ ಬಡಿಯುತ್ತಿತ್ತು.

ಸಂಜೆಯವರೆಗೆ ಇರುತ್ತೇವೆ, ನೀವು ಹೋಗಿ ಎಂದು ಸಾಹೇಬನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸೇತುವೆ ಬಂದಾಗ ಅಮ್ಮ ಕಾರು ನಿಲ್ಲಿಸಲು ಹೇಳಿ ತುಳಸಿಮಾಲೆಯನ್ನು ಕಾವೇರಿಗೆ ಹಾಕಿದಳು. ಡಿಕ್ಕಿಯಲ್ಲಿದ್ದ ಮೀನು ಬೆಂಗಳೂರಿನ ತನಕ ನಾರಿತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ, ಏನು ವಾಸನೆ ಎಂದು ಕೇಳಲೂ ಇಲ್ಲ.

೨೦ ಡಿಸೆಂಬರ್, ಗುರುವಾರ

ಎದುರು ಮನೆಯ ಶೈಲಜಮ್ಮ ಬಂದಿದ್ದರು. ಮಧ್ಯರಂಗನ ದರ್ಶನ ಹೇಗಾಯಿತು ಎಂದು ಕೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ (ಮನೆಯವಳು ಬಾಣಂತನಕ್ಕೆ ತೌರಿಗೆ ಹೋಗಿದ್ದಾಳೆ). ಕೈ ನಿಂತುಹೋಯಿತು. ಅಮ್ಮ ಹೇಳತೊಡಗಿದಳು. ಎಂಥಾ ನಗುವಂತೆ. ಕಣ್ಣು ತುಂಬ ಕಂಡನಂತೆ. ಮಗ ಕೈಹಿಡಿದು ಗರ್ಭಗುಡಿಯ ಬಾಗಿಲ ತನಕ ನಡೆಸಿಕೊಂಡು ಹೋದನಂತೆ. ಇಂಥ ಮಗ ಯಾರಿಗುಂಟು ಎಂದರು ಶೈಲಜಮ್ಮ.

ಅವರು ಹೋದ ಮೇಲೆ ನನ್ನನ್ನು ಕರೆದಳು. “ನಾನು ಆಡಿದ ಸುಳ್ಳು ಅದೊಂದೇ. ನೀನು ಹೋಗಿ ನೋಡ್ಕೊಂಡು ಬಂದು, ಅವನು ಹೇಗಿದಾನೆ ಅಂತ ನಂಗೆ ಹೇಳ್ಬಿಡು. ನೀನು ನೋಡಿದ್ರೆ ನಾನು ನೋಡಿದ ಹಾಗೇನೇ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

೧೪ ಜನವರಿ ೧೯೫೨, ಸೋಮವಾರ. ಸಂಕ್ರಾಂತಿ

ಅಮ್ಮನಿಗೆ ಈಗ ದೀಪದ ಬೆಳಕೂ ತಿಳಿಯುವುದಿಲ್ಲ. ಶೈಲಜಮ್ಮ ಎಳ್ಳು-ಬೆಲ್ಲ ತಂದುಕೊಟ್ಟರು. ಸಕ್ಕರೆ ಅಚ್ಚುಗಳನ್ನು ಒಂದೊಂದೇ ಮುಟ್ಟಿ ಗುರುತು ಹಿಡಿದಳು. ಗಿಳಿ, ಆನೆ, ಕಳಶ. ಒಂದನ್ನು ತಲೆಯಿಂದ ಬಾಲದವರೆಗೆ ಸವರಿ, ಹೆಸರು ಹೇಳದೆ ತಟ್ಟೆಗೆ ಹಾಕಿ ನನ್ನ ಕಡೆಗೆ ಸರಿಸಿದಳು.

ಯಾವತ್ತು ಹೋಗ್ತೀಯ ಎಂದಳು. ಮುಂದಿನ ತಿಂಗಳು ಎಂದೆ.

೧ ಫೆಬ್ರವರಿ, ಶುಕ್ರವಾರ

ಸಾಹೇಬ ಮತ್ತೆ ಹೊರಟಿದ್ದಾನೆ, ಅದೇ ಬಂಗಲೆ. ನೀನಿಲ್ಲದೆ ಮಜವಿಲ್ಲ ಎಂದ. ಬರುತ್ತೇನೆ ಎಂದೆ. ದೇವಸ್ಥಾನಕ್ಕೆ ಮಾತ್ರ. ಕೋಲು ಮುಟ್ಟುವುದಿಲ್ಲ. ಅಮ್ಮ ತಡಕಾಡಿಕೊಂಡು ತಾನೇ ತುಳಸಿ ಕಿತ್ತು ಮಾಲೆ ಕಟ್ಟುತ್ತಿದ್ದಾಳೆ.

೩ ಫೆಬ್ರವರಿ, ಭಾನುವಾರ, ಬೆಳಿಗ್ಗೆ ೮-೪೦. ಶಿವನಸಮುದ್ರ

ಸ್ನಾನ ಆಯಿತು. ಮಡಿ ಉಟ್ಟಿದ್ದೇನೆ. ಮಾಲೆ ಬಾಡಿಲ್ಲ. ಗುಡಿಯ ಗಂಟೆ ಇಲ್ಲಿಗೇ ಕೇಳಿಸುತ್ತಿದೆ. ಕೆಳಗಿನಿಂದ ಸಾಹೇಬ ಕೂಗುತ್ತಿದ್ದಾನೆ, ಗಂಟು ಸಡಿಲವಾಗಿದೆಯಂತೆ. ಐದು ನಿಮಿಷದ ಕೆಲಸ. ಬಾಗಿಲು ಹಾಕುವುದು ಹನ್ನೆರಡಕ್ಕೆ. ಮಾಲೆಯನ್ನು ಬೆಂಚಿನ ಮೇಲೆ ಇಟ್ಟು ಹೋಗಿ, ಕಟ್ಟಿಕೊಟ್ಟು, ಬೇಕಾದರೆ ಒಂದೇ ಒಂದು ಸಲ ಎಸೆದು —